ಮೀಸಲು ಬೆಲೆ

ಮೆಕೆಲೆನ್‌ನಲ್ಲಿ, ಡೈಲೆ ಹೊಳೆಯ ದಂಡೆಗೆ, ಒಂದು ಲಾಂಡ್ರಿಯ ಅಟ್ಟ.
ಕೆಳಗೆ ಇಸ್ತ್ರಿಯ ಉಗಿ. ಮೇಲೆ ನಾನು, ನನ್ನ ಟಾರ್ಚು,
ಗೋಡೆಗೆ ಮುಖ ಮಾಡಿ ನಿಂತ ಏಳು ಚಿತ್ರ,
ಪಾಠ ಒಪ್ಪಿಸದ ಹುಡುಗರ ಹಾಗೆ.

ಎವರಿಸ್ಟ್ ಮೂರ್ಕೆನ್ಸ್. ನಮ್ಮ ಕಂಪನಿಯ ಕಡತದಲ್ಲಿ
ಅವನಿಗೆ ಒಂದೂವರೆ ಸಾಲು:
ಸಾಂಕೇತಿಕ ಪಂಥ. ಮುಚ್ಚಿದ ಕಣ್ಣು, ನಿಂತ ನೀರು. ಹರಾಜಿಗೆ ಅಪರೂಪ.
ಅಪರೂಪಕ್ಕೆ ನಮ್ಮಲ್ಲಿ ಎರಡರ್ಥ:
ಸಿಗುವುದಿಲ್ಲ;
ಸಿಕ್ಕರೂ ಕೇಳುವವರಿಲ್ಲ.

ಒಂದೊಂದನ್ನೇ ತಿರುಗಿಸಿದೆ.
ಅದೇ ಹೆಂಗಸು, ಏಳು ಸಲ. ಅದೇ ಮುಚ್ಚಿದ ರೆಪ್ಪೆ.
ಬಿಳಿಯ ಕೊಳದಲ್ಲಿ ಮೊಣಕೈವರೆಗೆ ಕೈ ಅದ್ದಿ
ಏನನ್ನೋ ಹುಡುಕುತ್ತಿದ್ದಾಳೆ, ಅಥವಾ ಮುಳುಗಿಸುತ್ತಿದ್ದಾಳೆ.
ಕೊಳದ ಅಂಚಿಗೆ ಮಾತ್ರ ಒಂದು ನೀಲಿ,
ಉಸಿರು ಕಟ್ಟಿದವನ ಉಗುರಿಗೆ ಬರುವಂಥದು.

ಮೂಲೆಗೆ ಬೂಷ್ಟು: ಕಳೆ.
ಉಗಿ ಕುಡಿದು ಉಬ್ಬಿದ ಹಲಗೆ: ಕಳೆ.
ಇಲಿ ಕಡಿದ ಚೌಕಟ್ಟು: ಅದು ಅವನದಲ್ಲ, ಬಿಡು.
ಚಿನ್ನಕ್ಕೆ ಒರೆಗಲ್ಲಿದೆ, ಹೂವಿನ ಬೆಲೆ ಇಳಿಸಲು ಸಂಜೆಯಿದೆ.
ಸತ್ತವನು ಬರೆದ ರೆಪ್ಪೆಗೆ ಏನಿದೆ?
ಪಂಡಿತರಿದ್ದಾರೆ. ಅವರು ಇವಳನ್ನು ಆತ್ಮ ಎಂದಿದ್ದಾರೆ,
ಮೃತ್ಯುವಿನ ತಂಗಿ ಎಂದಿದ್ದಾರೆ,
ಕೊಳಕ್ಕೆ ಮರೆವಿನ ಹೊಳೆಯೆಂದು ಹೆಸರಿಟ್ಟಿದ್ದಾರೆ.
(ಮರೆವು ಎಂದರೆ ಇಪ್ಪತ್ತು ಸಾವಿರ ಯೂರೋ.
ಆತ್ಮಕ್ಕೆ ಇನ್ನೂ ಐದು ಸೇರಿಸಬಹುದು,
ವಸಂತದ ಮಾರಾಟವಾದರೆ.)

'ಅವಳು ಯೊಹಾನ್ನಾ' ಎಂದಳು ಲುಟ್‌ಗಾರ್ಡ್,
ಕೈ ಒರೆಸಿಕೊಳ್ಳುತ್ತ ಏಣಿ ಹತ್ತಿ ಬಂದವಳು.
'ನಮ್ಮಜ್ಜಿಯ ಅಮ್ಮ. ಕೈಯಿರುವುದು ಗಂಜಿಯ ತೊಟ್ಟಿಯಲ್ಲಿ.
ಬೆಳಗಿನ ನಾಲ್ಕಕ್ಕೆ ಎದ್ದವಳು, ನಿಂತಲ್ಲೇ ತೂಕಡಿಸುತ್ತಿದ್ದಳಂತೆ.
ಅವನ ಹತ್ತಿರ ಕಾಸಿರಲಿಲ್ಲ. ಅಂಗಿ ಒಗೆದದ್ದಕ್ಕೆ ಚಿತ್ರ ಕೊಟ್ಟ.
ಹಿಂದುಗಡೆ ನೋಡಲಿಲ್ಲವೇ ನೀವು?'

ನೋಡಿದ್ದೆ, ಓದಿರಲಿಲ್ಲ.
ಹಲಗೆಯ ಬೆನ್ನಿಗೆ ಸೀಸದ ಕಡ್ಡಿಯ ದುಂಡಕ್ಷರ:
ಅಂಗಿ ಆರು, ಕಾಲರು ಹನ್ನೆರಡು, ಹೊದಿಕೆ ಒಂದು. ಸಂದಿದೆ.
ಅಂಗಿ ನಾಲ್ಕು, ಕರವಸ್ತ್ರ ಒಂಬತ್ತು. ಸಂದಿದೆ.
ನನಗಿಂತ ನೂರಿಪ್ಪತ್ತು ವರುಷ ಮೊದಲೇ
ಒಬ್ಬಳು ಬೆಲೆ ಕಟ್ಟಿ ಮುಗಿಸಿದ್ದಳು,
ಅಳೆದು ಸುರಿಯದೆ, ಕೆಳಮಿತಿ ಮೇಲ್ಮಿತಿಯಿಲ್ಲದೆ.

ಬಟ್ಟೆಗೂ ಗಂಜಿ, ಹೊಟ್ಟೆಗೂ ಅದೇ ಗಂಜಿ;
ನಾವದನ್ನು ಮರೆವು ಎಂದು ಓದಿದೆವು.

'ಹೀಗೆಂದು ಬರೆದರೆ ಬೆಲೆ ಇಳಿಯುತ್ತದೆಯೇ?'
ಸುಳ್ಳು ಹೇಳಲಾರದೆ ಹೇಳಿದೆ: ಮೂರರಲ್ಲೊಂದು ಪಾಲು.
ಬಟ್ಟೆ ಒಗೆಯುವವಳ ತೂಕಡಿಕೆಯನ್ನು
ಬ್ರಸೆಲ್ಸಿನ ಹಲ್ಲುಡಾಕ್ಟರು ಗೋಡೆಗೆ ತೂಗುಹಾಕುವುದಿಲ್ಲ.
ನಕ್ಕಳು. 'ಹಲ್ಲುಡಾಕ್ಟರಿಗೆ ಆತ್ಮವೇ ಇರಲಿ.'

ಇನ್ನೊಂದು ತೊಡಕು, ಎಂದೆ. ಐದಕ್ಕೆ ಸಹಿಯಿಲ್ಲ.
ಅವನದೇ ಎನ್ನಲು ಆಧಾರ ಬೇಕು.
ಏಳನೆಯದರ ಬೆನ್ನಿಗೆ ಬೆರಳಿಟ್ಟಳು:
ಅಂಗಿ ಎರಡು. ಸಂದಿದೆ. ಒಯ್ದಿಲ್ಲ.

ಕೆಳಗಿಳಿದೆವು. ಪ್ಲಾಸ್ಟಿಕ್ ಹೊದ್ದ ಕೋಟುಗಳ ಆಚೆ,
ಕಂಬಿಯ ಕೊನೆಗೆ, ಎರಡು ಅಂಗಿ,
ಎದೆಗೆ ತಗಡಿನ ಬಿಲ್ಲೆ, ನಂಬರು ಮುನ್ನೂರ ಹನ್ನೊಂದು.
ಗಂಜಿ ಹಳದಿಗಟ್ಟಿದೆ. ಕಾಲರು ಮಾತ್ರ ಇನ್ನೂ ಸೆಟೆದು ನಿಂತಿದೆ,
ಕುತ್ತಿಗೆಯೊಂದನ್ನು ನಂಬಿ.
ಬಲತೋಳಿನ ಪಟ್ಟಿಯ ಮೇಲೆ, ಎಷ್ಟು ಒಗೆದರೂ ಬಿಡದ
ಬೆರಳುದ್ದದ ನೀಲಿ.
ಟಾರ್ಚು ನಡುಗಿತು. ಅದೇ. ಉಗುರಿನ ನೀಲಿ.

ಇವನ್ನೂ ಕೊಡಿ, ಎಂದೆ, ಪ್ರಯೋಗಾಲಯಕ್ಕೆ;
ಏಳರ ಬೆಲೆಯೂ ದುಪ್ಪಟ್ಟಾಗುತ್ತದೆ. ಬೇಕಾದರೆ
ಅಂಗಿಗೇ ಬೇರೆ ಲಾಟು, ಬೇರೆ ಮೀಸಲು ಬೆಲೆ...

ಅವಳು ಹೆಗಲಿನ ಮೇಲಿನ ಧೂಳನ್ನು
ಊದಿದಳು, ಕೈಯಿಂದ ತಟ್ಟಲಿಲ್ಲ.
'ಚಿತ್ರ ನಮ್ಮವು, ಒಯ್ಯಿರಿ.
ಇವು ಗಿರಾಕಿಯವು.'

ಗಂಟೆಗೋಪುರ ನಾಲ್ಕು ಹೊಡೆಯಿತು. ಫಾರಮ್ಮಿನಲ್ಲಿ
'ಆಧಾರ' ಎಂಬ ಖಾನೆಯ ಮೇಲೆ
ಪೆನ್ನು ಎತ್ತಿ ಹಿಡಿದೇ ನಿಂತಿದ್ದೆ,
ಇಸ್ತ್ರಿ ಕಾಯಲೆಂದು ಕಾಯುವವಳ ಹಾಗೆ.